ಸಪ್ಪೆ

ಪಡುಬಿದ್ರಿಯಲ್ಲಿ ಬಸ್ಸಿಳಿದು ಪಡುವಣಕ್ಕೆ ನಡೆದರೆ
ಐಸ್ ಪ್ಲಾಂಟಿನ ಹಿಂದೆ ಮೂರೆಕರೆ ಚಿಲ್ಲರೆ ಜೌಗು.
ಗೇಟುಂಟು, ಬೀಗವುಂಟು, ಬೀಗದ ಕೈ ನನ್ನ ಹತ್ತಿರ.
'ಸಂರಕ್ಷಿತ' ಎಂಬ ಬೋರ್ಡಿನ ಮೇಲೆ
ಮಿಂಚುಳ್ಳಿ ಕೂತು ಕೂತು
ನಡುವಿನ 'ಕ್ಷಿ' ಪೂರ್ತಿ ಬೆಳ್ಳಗಾಗಿದೆ.

ಕಡಲು, ಕೂಗಿದರೆ ಕೇಳುವಷ್ಟು ದೂರ.
ನಡುವೆ ಒಂದು ರಸ್ತೆ, ಒಂದು ಸಾಲು ಗಾಳಿಮರ,
ಮರಳಿನದೊಂದು ದಿಬ್ಬ, ಅಷ್ಟೆ.
ಅಷ್ಟನ್ನೇ ನಂಬಿಕೊಂಡು ಇಲ್ಲಿ
ನೈದಿಲೆ ಅರಳುತ್ತದೆ.

ನನ್ನ ಕೆಲಸ ಎಣಿಸುವುದು.
ಜಂಬುಕೋಳಿ ಹನ್ನೊಂದು, ದೇವನಕ್ಕಿ ಎರಡು,
ಹುಂಡುಕೋಳಿ... ಜೊಂಡಿನೊಳಗಿಂದ ಬರೀ ಕೂಗಿದ್ದು
ಲೆಕ್ಕಕ್ಕುಂಟೋ ಇಲ್ಲವೋ ಎಂದು ಆಫೀಸಿಗೆ ಕೇಳಿದ್ದೆ.
ಇನ್ನೂ ಉತ್ತರ ಬಂದಿಲ್ಲ.

ವಾರಿಜಕ್ಕ ಎಣಿಸುವುದಿಲ್ಲ, ನೆಕ್ಕುತ್ತಾಳೆ.
ಅಷ್ಟಮಿಗೆ ಇಲ್ಲಿಂದಲೇ ಮುಂಡೇವಿನ ಎಲೆ ಕೊಯ್ದು
ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ,
ಮೂಡೆ ಕಟ್ಟಿ ಮಾರುತ್ತಿದ್ದವಳು;
ಬೇಲಿ ಬಂದ ಮೇಲೆ ಕತ್ತಿ ಮನೆಯಲ್ಲಿಟ್ಟು
ಬರಿಗೈಯಲ್ಲಿ ಬರುತ್ತಾಳೆ.
ದೀಪಾವಳಿ ಕಳೆದರೆ ದಿನಾ ಸಂಜೆ
ತೋಡಿನ ಕಟ್ಟದ ಬಳಿ ಬಗ್ಗಿ
ಬೆರಳದ್ದಿ ನಾಲಗೆಗಿಟ್ಟು ಹೇಳುತ್ತಾಳೆ:
"ಇನ್ನೂ ಎಂಟು ದಿನ ಹಲಗೆ ಬೇಡ."
ಇಲ್ಲವೇ, "ಇವತ್ತೇ ಹಾಕು, ಉಬ್ಬರ ಒಳಗೆ ಬರ್ತಾ ಉಂಟು."
ಸಾಹೇಬರ ಮೀಟರೂ ಅದನ್ನೇ ಹೇಳುತ್ತದೆ,
ಮೂರು ದಿನ ತಡವಾಗಿ, ಬ್ಯಾಟರಿ ಇದ್ದರೆ.

ಈ ವರ್ಷ ಅವಳಿಗೆ ಜ್ವರ ಬಂತು.
ಹೋಗುವಾಗ ರುಚಿಯನ್ನೂ ಕೊಂಡುಹೋಯಿತು.
ಬಂಗುಡೆ ಸಾರಿಗೆ ಉಪ್ಪೇ ಇಲ್ಲವೆಂದು
ಸೊಸೆಯ ಹತ್ತಿರ ಜಗಳವಂತೆ.
ನಿನ್ನೆ ಬಂದವಳು ಬೆರಳದ್ದಿ ನೆಕ್ಕಿದಳು,
ಮತ್ತೊಮ್ಮೆ ಅದ್ದಿದಳು,
ಸುಮ್ಮನೆ ಕೂತಳು.
ಆಮೇಲೆ "ನೀನು ನೋಡು ಮಾರಾಯ" ಎಂದಳು,
ಬೆಂಡೋಲೆ ಅಡವಿಡುವವಳ ದನಿಯಲ್ಲಿ.

ನೋಡಿದೆ.
ಕೆಸರು, ತುಕ್ಕು,
ಕೊಳೆತ ಎಲೆಯ ಒಂದಿಷ್ಟು ಒಗರು,
ಅದರಾಚೆಗೆ
"ಉಪ್ಪು" ಎಂದೆ.
"ಬಿಸಿಲಲ್ಲಿ ನಡೆದು ಬಂದಿದ್ದಿ,
ಅದು ನಿನ್ನ ಬೆವರಿನದ್ದು.
ಕೈ ತೊಳೆದು ನೋಡು."

ತೊಳೆಯಲಿಕ್ಕೆ ಇದ್ದದ್ದೂ ಅದೇ ನೀರು.
ತೊಳೆದೆ. ಮತ್ತೆ ಅದ್ದಿದೆ.
ಗಾಳಿಮರಗಳಲ್ಲಿ ಗಾಳಿ ತಿರುಗಿತು.
ಒಂದು ಜಂಬುಕೋಳಿ ಕೆಂಪು ಕಾಲೆತ್ತಿ
ಇಡಲೋ ಬೇಡವೋ ಎಂಬ ಹಾಗೆ ನಿಂತಿತ್ತು.
ವಾರಿಜಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು,
ಹಲಗೆಯ ಮೇಲೆ ಒಂದು ಕೈ.