ಜೂನ್ ಒಂದು

ನಮ್ಮ ಕೋಡಿಬಾಗದಲ್ಲಿ
ದೋಣಿಗಳಿಗೆ ರಜೆ ಸಿಗುವ ದಿನವೇ
ಮಕ್ಕಳ ರಜೆ ಮುಗಿಯುವುದು.
ಅತ್ತ ಬೈತಖೋಲಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ
ಪ್ರಾರ್ಥನೆಗೆ ನಿಂತ ಹಾಗೆ ನಿಂತಿರುತ್ತವೆ.
ಇತ್ತ ಬಲೆಯ ಹಗ್ಗದ ಮೇಲೆ
ಒಣಗದ ಯೂನಿಫಾರ್ಮು.

ಹಾಗಾಗಿಯೇ ಬಾಪಾ ನನ್ನನ್ನು
ಒಂದನೇ ಇಯತ್ತೆಗೆ ಕೈಹಿಡಿದು ಕರೆದೊಯ್ದದ್ದು.
ಉಳಿದ ಹತ್ತು ತಿಂಗಳು ಆ ಕೈ ನಮಗೆ ಸಿಗುತ್ತಿರಲಿಲ್ಲ.
ಇದ್ದದ್ದು ಒಂದೇ ಕೊಡೆ, ಒಂದು ಕಡ್ಡಿ ಮುರಿದದ್ದು.
ಆ ಮುರಿದ ಬದಿ ಅವನ ಹೆಗಲಿಗೆ.

ಅಕ್ಕೋರು "ಬಾಯಿ ಮುಚ್ಚಿ" ಅಂದರು.
ನಮ್ಮ ಮನೆಯಲ್ಲಿ ಬಾಂಯ್ ಅಂದರೆ ಬಾವಿ,
ಮುಚ್ಚುವುದು ಅಂತ ಅವರ ಕೈ ನೋಡಿ ತಿಳಿಯಿತು.
ಮುಚ್ಚಿದೆ ಅಕ್ಕೋರೇ,
ಮಳೆಗೆ ಮೊದಲೇ ಬಾಪಾ ಮಡಲು ಹೊದಿಸಿದ್ದಾನೆ
ಎಂದು ಎದ್ದು ನಿಂತು ಕೊಂಕಣಿಯಲ್ಲಿ ಹೇಳಿ
ಮೊದಲ ಪೆಟ್ಟು ತಿಂದೆ.

ಮೂರನೆಯದರ ಪುಸ್ತಕ ರೋಜಲಿನ್‌ದು, ಅರ್ಧ ದರಕ್ಕೆ.
ಅವಳು ಪೆನ್ಸಿಲಿನಲ್ಲಿ ಬರೆದಿಟ್ಟ ಉತ್ತರಗಳನ್ನೇ ನಾನೂ ಬರೆದೆ.
ಅವಳಿಗೆ ಬಂದಷ್ಟೇ ಅಂಕ ಬಂತು.
ಹೊಸ ಪುಸ್ತಕದ ವಾಸನೆ, ಹೊಸ ಪುಸ್ತಕದ ವಾಸನೆ ಅನ್ನುತ್ತಾರೆ ಎಲ್ಲರೂ.
ನನಗೆ ಗೊತ್ತಿರುವುದು ಬೇರೆ ಮನೆಯ ಮೇಣಬತ್ತಿ,
ಒಂಚೂರು ವಿನೆಗರು.

ಎಂಟನೆಯದಕ್ಕೆ ಪೇಟೆಯ ಹೈಸ್ಕೂಲು.
ಆ ಜೂನಿಗೂ ಬಾಪಾ ಕೊಡೆ ಹಿಡಿದು ಹೊರಟ.
ನಾನು ಹತ್ತು ಹೆಜ್ಜೆ ಮುಂದೆ ನಡೆದೆ, ನೆನೆಯುತ್ತ.
ಯಾರೇ ಅವರು ಅಂತ ಹುಡುಗಿಯರು ಕೇಳಿದರೆ
ಗೊತ್ತಿಲ್ಲ ಅನ್ನಲು ದಾರಿಯುದ್ದ ಉರು ಹೊಡೆದೆ.
ಯಾರೂ ಕೇಳಲಿಲ್ಲ.
ಆ ಉತ್ತರ ಇನ್ನೂ ನನ್ನಲ್ಲೇ ಇದೆ.

ಗಣಿತದಲ್ಲಿ ಹೋದೆ.
ಆಮೇಲೆ ಎಷ್ಟೋ ಜೂನುಗಳು ನನ್ನನ್ನು ಮಾತಾಡಿಸದೆ ದಾಟಿದವು.
ಒಣಮೀನಿನ ಬುಟ್ಟಿಗೆ ತಾಡಪತ್ರಿ ಹೊದಿಸಿ ಕೂತಲ್ಲಿಗೆ
ಶಾಲೆಯ ಗಂಟೆ ಕೇಳಿದರೆ
ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು.

ಸರ್ವೇಶನಿಗೆ ಆರು ತುಂಬಿದಾಗ
ಗಂಡನ ಬೋಟು ದಡದಲ್ಲಿ, ಡಬ್ಬಿಯಲ್ಲಿ ಎಂಬತ್ತು ರೂಪಾಯಿ.
ಕಿವಿಯೋಲೆ ಸೊಸೈಟಿಗೆ ಹೋಯಿತು, ಚೀಲ ಬಂತು, ಬೂಟು ಬಂತು.
ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಬೆರಳು ದೊಡ್ಡದೇ ತಂದಿದ್ದೆ.
ಸೇತುವೆಯ ತಿರುವಿನವರೆಗೂ ಅದರ ಟಪಟಪ.
ತಿರುಗಿ ನೋಡುತ್ತಾನೆಂದು ನಿಂತೆ.
ಇಲ್ಲ.
ನೀರಿಗೆ ಹೋದವರನ್ನು ಕಾಯುವುದು ನಮ್ಮ ಕೇರಿಯ ಎಲ್ಲರಿಗೂ ಬರುತ್ತದೆ.
ನೆಲದ ಮೇಲೆ ಹೋದವನನ್ನು ಕಾಯುವುದು
ಯಾರೂ ಹೇಳಿಕೊಟ್ಟಿರಲಿಲ್ಲ.
ಹದಿನಾರಕ್ಕೆ ಅವನೂ ಬೋಟು ಹತ್ತಿದ.
ಅಲ್ಲಿಗೆ ಅವನ ಜೂನೂ ಮಗುಚಿಕೊಂಡಿತು.

ಈಗ ನಾನು ಅದೇ ಶಾಲೆಯ ಬಿಸಿಯೂಟದ ಕೋಣೆಯಲ್ಲಿ.
ಹಾಜರಿ ಆದಮೇಲೆ ಅಕ್ಕಿ ಅಳೆಯುವುದು.
ನನ್ನ ಕಾಲಕ್ಕೆ ತೊಂಬತ್ತು ಮಕ್ಕಳು, ಇವತ್ತು ಹತ್ತೊಂಬತ್ತು.
ಉಳಿದವರನ್ನು ಹಳದಿ ವ್ಯಾನು
ಗೇಟಿನೆದುರೇ ಹಾರ್ನು ಹಾಕುತ್ತ ಹೊತ್ತೊಯ್ಯುತ್ತದೆ.
ಮೊದಲ ದಿನವೆಂದು ಪಾಯಸ.
ಗಣಿತದಲ್ಲಿ ಹೋದವಳ ಬೆಲ್ಲದ ಲೆಕ್ಕ ತಪ್ಪುವುದಿಲ್ಲ.

ಒಂದನೆಯದಕ್ಕೆ ಮೂವರು ಹೊಸಬರು,
ಒಬ್ಬ ನನ್ನ ಮೊಮ್ಮಗ ಸ್ವರೂಪ.
ಗೇಟಿನಲ್ಲಿ ಅಪ್ಪನ ಲುಂಗಿ ಹಿಡಿದು ಬೊಬ್ಬೆ ಹೊಡೆದವನು
ಹತ್ತೇ ನಿಮಿಷಕ್ಕೆ ಪಕ್ಕದ ಹುಡುಗಿಯ ರಬ್ಬರು ಕದ್ದು
ನಗುತ್ತ ಕೂತಿದ್ದ.

ಹನ್ನೊಂದೂವರೆಗೆ ಅಕ್ಕಿ ತೊಳೆದ ನೀರು ಚೆಲ್ಲಲು ಹೋದರೆ
ಕಂಪೌಂಡಿನಾಚೆ ಹೊನ್ನೆಮರದಡಿ ಸರ್ವೇಶ,
ಕೊಡೆ ಹಿಡಿದು,
ಪಾದವೆಲ್ಲ ನೆಂದು ಬೆಳ್ಳಗೆ ಸುಕ್ಕು.

ಬಾಪಾನೂ ಅಲ್ಲೇ ನಿಂತಿದ್ದನಂತೆ, ಮಧ್ಯಾಹ್ನದವರೆಗೆ.
ಅವನು ಹೋದ ಹನ್ನೆರಡನೇ ದಿನ ಊಟಕ್ಕೆ ಬಂದ ಯಾರೋ ಹೇಳಿದ್ದರು.

"ರಡ್ತಾ?" ಅಂದ. ಅಳುತ್ತಾನಾ ಅಂತ.

ಒಳಗೆ ಹುಡುಗ ಬೆಂಚು ಬಡಿಯುತ್ತ
ಎರಡರ ಮಗ್ಗಿ ಕೂಗುತ್ತಿದ್ದ.
ಮಳೆಗೆ ಅದು ಆಚೆ ಕೇಳಿಸುವಂತಿರಲಿಲ್ಲ.

ಹೂಂ, ಇನ್ನೂ ಸ್ವಲ್ಪ, ಅಂದೆ.

ಅವನು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿ
ಸರಿಯಾಗಿ ನಿಂತುಕೊಂಡ.