ಚಿಲ್ಲರೆ

ಹ್ಯಾನ್ಕಾಕ್ ಊರಿನ ಡಯಾಲಿಸಿಸ್ ಕೇಂದ್ರ, ನೆಲಮಾಳಿಗೆ.
ಯಂತ್ರದ ಎದೆಗೆ ಬ್ಯಾಂಡೇಜು ಪಟ್ಟಿಯಿಂದ ಅಂಟಿಸಿದ ಚೀಟಿ:
"ನೋಟು ತಗೊಳ್ತಿಲ್ಲ. ಮೂರನೇ ಸಲ ಬರೆಯುತ್ತಿದ್ದೇನೆ. ರಾತ್ರಿ ಪಾಳಿ."
ಮೂರನೇ ಸಲ ಅನ್ನುವುದರ ಕೆಳಗೆ ಎರಡು ಗೆರೆ.

ಹೊರಗೆ ಕಿಟಕಿಯ ಮಟ್ಟಕ್ಕೆ ಹಿಮ.
ಸರೋವರದ ಕಡೆಯಿಂದ ನವೆಂಬರಿನಲ್ಲಿ ಹೊರಟದ್ದು
ಇನ್ನೂ ಬರುತ್ತಲೇ ಇದೆ.
ಬೂಟು ಒದರಿ, ಬೀಗದಕೈ ಗೊಂಚಲು ತೆಗೆದು
ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ:
ಜೇಬಿನಿಂದ ಒಂದು ಡಾಲರ್ ತೆಗೆದು ಕೊಟ್ಟು ನೋಡಿದೆ.

ಒಳಗೆಳೆದುಕೊಂಡಿತು. ಒಂದು ಗಳಿಗೆ ಯೋಚಿಸಿತು.
ಜ್ವರದ ಮಗು ಗಂಜಿ ಉಗುಳುವ ಹಾಗೆ
ಮೆಲ್ಲಗೆ, ಸಿಟ್ಟಿಲ್ಲದೆ, ಹೊರಗೆ ತಳ್ಳಿತು.

ತಿರುಗಿಸಿ ಕೊಟ್ಟೆ. ತಲೆಕೆಳಗು ಮಾಡಿ ಕೊಟ್ಟೆ.
ಮಡಿಚಿದ ಮೂಲೆ ಬಿಡಿಸಿ ತೊಡೆಯ ಮೇಲೆ ಉಜ್ಜಿ ಕೊಟ್ಟೆ.
ಬೆಳಿಗ್ಗೆಯಷ್ಟೇ ಬ್ಯಾಂಕಿನಿಂದ ಬಂದ
ಗರಿಗರಿ ನೋಟು ಕೊಟ್ಟೆ.
ಊಹೂಂ.

ಇಪ್ಪತ್ತೆರಡು ವರ್ಷದ ಕಸುಬು.
ಬೇಡ ಅನ್ನುವುದಕ್ಕೆ ಎಷ್ಟು ಕಾರಣ ಇರಬಹುದೋ ನನಗೆ ಗೊತ್ತು:
ಕಣ್ಣಿಗೆ ಧೂಳು, ಬೆಲ್ಟಿಗೆ ಜಿಡ್ಡು,
ಗಂಟಲಲ್ಲಿ ಸಿಕ್ಕಿಕೊಂಡ ಲಾಟರಿ ಚೀಟಿಯ ಚೂರು.
ಒಮ್ಮೆ ಒಂದು ಶಾಲೆಯಲ್ಲಿ ಇಡೀ ಚೀಸ್ ಹೋಳು,
ಹುಡುಗರು ನೀಟಾಗಿ ನೋಟಿನ ಅಳತೆಗೆ ಕತ್ತರಿಸಿದ್ದರು.
ಬಾಗಿಲು ತೆರೆದೆ. ಬಟ್ಟೆ ಸುತ್ತಿದ ಕಡ್ಡಿಯಿಂದ ಕಣ್ಣೊರೆಸಿದೆ.
ಬೆಲ್ಟು ತೊಳೆದೆ, ಆರಲು ಬಿಟ್ಟೆ.
ಮುಚ್ಚಿದೆ. ಕೊಟ್ಟೆ. ಉಗುಳಿತು.

ಒಳಗಿನ ಪುಟ್ಟ ದೀಪ ಮಿಟುಕುವುದನ್ನು ಎಣಿಸಿದೆ.
ಕೈಪಿಡಿ ಕಳೆದು ಎಷ್ಟೋ ಕಾಲ, ಆದರೂ ಆ ಮಿಟುಕಿನ ಅರ್ಥ ಬರುತ್ತದೆ:
ನನಗೇನೂ ಆಗಿಲ್ಲ, ನಾನು ಚೆನ್ನಾಗಿದ್ದೇನೆ.

ಇಂಥ ಮಾತು ಕೇಳಿದಾಗ ಬೇರೆ ಕಡೆ ನೋಡಬೇಕು.
ನಾಣ್ಯದ ಕೊಳವೆಗಳಿಗೆ ಟಾರ್ಚು ಹಿಡಿದೆ.
ಕ್ವಾರ್ಟರಿನ ಕೊಳವೆ ಬಾವಿಯ ಹಾಗೆ,
ತಳದಲ್ಲಿ ಎರಡೇ ಎರಡು ಮಿಣಮಿಣ.

ತಪ್ಪು ನೋಟಿನದಲ್ಲ, ಬಾಯಿಯದೂ ಅಲ್ಲ.
ಹಿಂದಕ್ಕೆ ಕೊಡಲು ಚಿಲ್ಲರೆ ಇಲ್ಲದಾಗ
ಇದು ಯಾರ ನೋಟನ್ನೂ ಮುಟ್ಟುವುದಿಲ್ಲ.
ಚಿಲ್ಲರೆ ಇದ್ದಷ್ಟು ನಾಲಿಗೆ ಚಾಚು
ಎಂದು ಯಾರೋ ಕಲಿಸಿ ಕಳಿಸಿದ್ದಾರೆ.

ಬರಿದು ಮಾಡಿದವರು ಯಾರು?
ದಾದಿ ಬೆರಳು ತೋರಿಸಲಿಲ್ಲ, ಹುಬ್ಬು ತೋರಿಸಿದಳು:
ಮೂಲೆಯ ಕುರ್ಚಿ, ಕಿವಿಟೋಪಿ, ವೈನೊ ಸಲ್ಮೆಲಾ.
ಹೆಂಡತಿ ಒಳಗೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ.
ಒಂದು ಡಾಲರ್ ಹಾಕುತ್ತಾನೆ,
ಎಲ್ಲಕ್ಕಿಂತ ಅಗ್ಗದ ಪೆಪ್ಪರ್‌ಮಿಂಟ್ ಒತ್ತುತ್ತಾನೆ,
ಉಳಿದ ಮೂರು ಕ್ವಾರ್ಟರ್ ಬಾಚಿಕೊಳ್ಳುತ್ತಾನೆ.
ಮತ್ತೆ ಒಂದು ಡಾಲರ್ ಹಾಕುತ್ತಾನೆ.

"ಮನೆಯ ವಾಷಿಂಗ್ ಮಷೀನು ಲೆಂಪಿಯ ಮಾತು ಮಾತ್ರ ಕೇಳುತ್ತೆ," ಅಂದ.
"ಅಂಗಡಿಯದಕ್ಕೆ ಕ್ವಾರ್ಟರೇ ಬೇಕು."
ಬ್ಯಾಂಕಿನಲ್ಲಿ ಕೊಡುತ್ತಾರಲ್ಲ, ಅಂದೆ.
"ಕೇಳಬೇಕಲ್ಲ."

ಕೋಟಿನ ಎರಡೂ ಜೇಬು ಪೆಪ್ಪರ್‌ಮಿಂಟಿನಿಂದ ಉಬ್ಬಿದ್ದವು.
ತಿನ್ನೋದಿಲ್ವ?
"ಇಬ್ಬರಿಗೂ ಸಕ್ಕರೆ ಕಾಯಿಲೆ."

ನನ್ನ ಚೀಲದಿಂದ ನಲವತ್ತು ಕ್ವಾರ್ಟರಿನ ಸುರುಳಿ ತೆಗೆದು
ಇಟ್ಟುಕೊಳ್ಳಿ ಅಂದೆ.
ಅಂಗೈಯಲ್ಲಿ ಹಿಡಿದ. ಒಂದು ಗಳಿಗೆ ಯೋಚಿಸಿದ.
ಮೆಲ್ಲಗೆ, ಸಿಟ್ಟಿಲ್ಲದೆ, ಹಿಂದಕ್ಕೆ ತಳ್ಳಿದ.

ಆಮೇಲೆ ಪರ್ಸು ಬಿಚ್ಚಿ ಹತ್ತು ನೋಟು ಎಣಿಸಿದ,
ಬೆರಳಿಗೆ ಎಂಜಲು ಹಚ್ಚಿ, ಎರಡು ಸಲ.
ಹಳೇ ಸೀರೆಯ ಸೆರಗಿನಷ್ಟು ಮೆತ್ತಗಿನ ನೋಟುಗಳು,
ಹಿಮಕ್ಕೆ ಒದ್ದೆ, ಒಂದಕ್ಕೆ ಕಿವಿ ಹರಿದಿತ್ತು.
ಇವನ್ನು ಈ ಭೂಮಿಯ ಯಾವ ಯಂತ್ರವೂ ಮುಟ್ಟುವುದಿಲ್ಲ.
ಯಾವ ಮುಖ ಮೇಲಿದೆಯೆಂದು ನೋಡದೆ ತಗೊಂಡೆ.

ಕೊಳವೆ ತುಂಬಿದೆ. ಗರಿಗರಿ ನೋಟು ಕೊಟ್ಟೆ.
ನುಂಗಿತು, ಏನೂ ಆಗಿಯೇ ಇರಲಿಲ್ಲವೆಂಬಂತೆ.
ಚೀಟಿ ಕಿತ್ತು, ಬಾಗಿಲಿಗೆ ಬೀಗ ಹಾಕುತ್ತಿದ್ದಾಗ
ವೈನೊ ಬಂದು ಒಂದು ಪೆಪ್ಪರ್‌ಮಿಂಟ್ ಕೈಗಿಟ್ಟ.
ಲೆಕ್ಕ ಸರಿಯಾಗಿದೆಯಲ್ಲ, ಅಂದೆ.
"ಚಿಲ್ಲರೆ," ಅಂದ.

ಟ್ರಕ್ಕಿನಲ್ಲಿ ಕೂತು ಬಿಚ್ಚಿದೆ.
ಕಾಗದ ಅಂಟಿಕೊಂಡಿತ್ತು, ಬರಲಿಲ್ಲ.
ಹಾಗೇ ಬಾಯಿಗೆ ಹಾಕಿಕೊಂಡೆ.