ಬಿಳಿಯ ಮೇಲೆ ಬಿಳಿ

ಹತ್ತನೇ ಸಲ ಬಂದೆ ಇವತ್ತು. ನಿನ್ನ ದಾರಿಗಳೆಲ್ಲ ಇಲ್ಲಿ
ಜಡೆಯ ತುದಿಯ ಹಾಗೆ ಒಂದುಗೂಡುತ್ತವೆ.
ಬಿಸಿಲ ನಾಡಿನವರಿಗೆ ದಿನಕ್ಕೆರಡೇ ದರ್ಶನ,
ನಮ್ಮ ಮನೆಗೆ ಮಾತ್ರ ಸಕ್ಕರೆ ಸಾಲ ಕೇಳುವ ನೆರೆಯವಳಂತೆ
ಹೊತ್ತುಗೊತ್ತಿಲ್ಲದೆ...
ತಪ್ಪು. ಗೊತ್ತು ಇದೆ, ನೂರು ನಿಮಿಷಕ್ಕೊಮ್ಮೆ.
ಇಲ್ಲದಿರುವುದು ಹೊತ್ತು.
ಲಾಪ್ತೆವ್ ಕಡಲಂಚಿನಲ್ಲಿ ನವೆಂಬರಿಗೆ ಮುಳುಗಿದರೆ
ಜನವರಿ ಮುಗಿಯುವಾಗ ಅದು ತಲೆಯೆತ್ತುತ್ತದೆ.

ನನ್ನ ಹೆಸರು ತುಯಾರಾ. ನಿನಗದು ಬೇಕಿಲ್ಲ,
ನಿನ್ನ ಲೆಕ್ಕದಲ್ಲಿ ನಾನು ಐದಂಕಿಯ ಒಂದು ಠಾಣೆ.
ಮೂರು ಗಂಟೆಗೊಮ್ಮೆ ಬೂಟು ಮೆಟ್ಟಿ ಹೊರಗೆ ಬಂದು
ಆಕಾಶವನ್ನು ಎಂಟು ಹೋಳು ಮಾಡಿ
ಮೋಡ ಎಷ್ಟು ಹೋಳು ತಿಂದಿದೆಯೆಂದು ಬರೆಯುತ್ತೇನೆ.
ಕವುಚಿಟ್ಟ ಎರಡು ಪುಟ್ಟ ಬೋಗುಣಿಗಳನ್ನು ಒರೆಸುತ್ತೇನೆ:
ಗಾಜಿನದು ಬಿಸಿಲಿಗೆ (ಈಗ ಅದಕ್ಕೆ ರಜೆ),
ಕಪ್ಪನೆಯದು, ಆಕಾಶ ಕೆಳಗೆ ಕಳಿಸುವ ಕಾಣದ ಕಾವಿಗೆ.

ಕೆಳಗೆ ಹಿಮ, ಮೇಲೆ ಮೋಡ. ಎರಡೂ ಬಿಳಿ, ಎರಡೂ ತಣ್ಣಗೆ.
ಯಾವುದು ಯಾವುದೆಂದು ಪೇಚಾಡುತ್ತೀ.
ಬೆಳ್ಳಗಿರುವುದೆಲ್ಲ ಹಾಲಲ್ಲ, ಎನ್ನುತ್ತಾಳೆ ಎಬೆ, ನನ್ನಜ್ಜಿ,
ನಲವತ್ತು ವರ್ಷ ಹೆಣ್ಣುಕುದುರೆಗಳ ಹಾಲು ಕರೆದವಳು.
ಈಗ ಅವಳ ಕಣ್ಣೊಳಗೂ ಬಿಳಿ.
ಮೋಡ ಬಂದದ್ದು ಅವಳಿಗೆ ಕೆನ್ನೆಯಲ್ಲಿ ತಿಳಿಯುತ್ತದೆ:
"ಯಾರೋ ಕಂಬಳಿ ಹೊದಿಸಿದರು."
ಮೈನಸ್ ಮೂವತ್ತೆಂಟು ಇದ್ದದ್ದು ಇಪ್ಪತ್ತೇಳಕ್ಕೆ ಬಂದಿರುತ್ತದೆ.
ಇಷ್ಟನ್ನೇ ನಿನ್ನ ಕಡೆಯವರು
ಎಷ್ಟು ಪುಟ ಸಮೀಕರಣದಲ್ಲಿ ಹೇಳುತ್ತಾರೆ!

ಡಿಸೆಂಬರ್ ಒಂಬತ್ತು. ಎಬೆ ಕಂಬಳಿ ಅಂದಳು.
ಕಪ್ಪು ಬೋಗುಣಿಯೂ ಅಂದಿತು, ನೂರ ಎಪ್ಪತ್ತು.
ನನಗೋ ಜ್ವರ. ಕಿಟಕಿಯಿಂದಲೇ ಇಣುಕಿ
ಎಂಟಕ್ಕೆ ಎಂಟು ಎಂದು ಗೀಚಿದೆ.
ನೀನೊಬ್ಬಳೇ: ಶುಭ್ರ.
ಡಾರ್ಮ್‌ಸ್ಟಾಟಿನಿಂದ ಹೈಲ್ಕೆ ಎಂಬಾಕೆಯ ಪತ್ರ ಬಂತು,
ಬಲು ಮರ್ಯಾದೆಯ ಪತ್ರ, ಮರ್ಯಾದೆಯೊಳಗೊಂದು ಮೊಳೆ:
ದಯವಿಟ್ಟು ಬೋಗುಣಿಯನ್ನೊಮ್ಮೆ ನೋಡುವಿರಾ?
ನೋಡಿದೆ. ಉಪ್ಪು ಬೆಳೆದಂತೆ ಮಂಜು ಗರಿಗಟ್ಟಿ ಕೂತಿತ್ತು.
ಒರೆಸಿದ ಮೇಲೆ ಅಂಕಿ ನೂರ ಮೂವತ್ತಕ್ಕೆ ಇಳಿಯಿತು.
ತಲೆಯೆತ್ತಿದರೆ ನಕ್ಷತ್ರ, ನಕ್ಷತ್ರ, ಚೆಲ್ಲಿದ ರವೆಯಷ್ಟು.

ಎಬೆ, ಪಾಪ, ಒಲೆಗೆ ಆತು ಕೂತಿದ್ದಳು.

ಎಂಟರ ಮೇಲೆ ಗೆರೆಯೆಳೆದು ಸೊನ್ನೆ ಬರೆದೆ.
ಗೆರೆಯನ್ನು ಕಾಣುವಂತೆಯೇ ಬಿಟ್ಟೆ.

ಹನ್ನೆರಡಕ್ಕೆ ಮತ್ತೆ ನೀನು ಶುಭ್ರ ಎಂದೆ.
ಎಬೆಯ ಕೈಹಿಡಿದು ಹೊಸಿಲು ದಾಟಿಸಿ
ಒಲೆಯಿಂದ ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸಿದೆ.
ಬೋಗುಣಿಯನ್ನು ಎರಡು ಸಲ ಒರೆಸಿದೆ, ಮೂರನೆಯ ಸಲ
ಕೈಗವಸು ಕಳಚಿ ಬರಿಬೆರಳಲ್ಲಿ ಸವರಿದೆ.
ಇನ್ನೂರ ಐದು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಂತೆ;
ಕಾಣದೆ ಹೋದರೆ? ಒಂದಾದರೂ ನಕ್ಷತ್ರ ಸಿಕ್ಕೀತೆಂದು
ಹತ್ತು ನಿಮಿಷ ನಿಂತೆವು, ಕಣ್ಣಿದ್ದವಳೂ ಇಲ್ಲದವಳೂ
ಅದೇ ಕತ್ತಲೆಗೆ ಮುಖವೊಡ್ಡಿ.
"ಹೊದಿಸಿದ್ದಾರೆ," ಎಂದಳು. "ಹಳೆಯದು. ಎಲ್ಲೋ ಒಂದು ತೂತಿದೆ."
ತೂತು ನನಗೆ ಕಾಣಲಿಲ್ಲ.
ಆದರೂ ಎಂಟೆಂದು ಬರೆಯಲು ಕೈ ಬರಲಿಲ್ಲ.
ಏಳು.

ಈ ಸಲ ಪತ್ರವಿಲ್ಲ. ನಂಬಿದರೋ,
ಗುಂಪಿಗೆ ಸೇರದ ಅಂಕಿಯೆಂದು ಆಚೆ ಗುಡಿಸಿದರೋ.
ನಿನ್ನನ್ನು ಕೇಳಿ ಪ್ರಯೋಜನವಿಲ್ಲ, ಆಗಲೇ ಗ್ರೀನ್‌ಲ್ಯಾಂಡ್ ದಾಟಿರುತ್ತೀ.

ಒಂದು ಮಾತು ಮರೆತೆ. ಗಾಜಿನ ಬೋಗುಣಿ ರಜೆಯಲ್ಲೂ ಸುಮ್ಮನಿರದು.
ಮೋಡವಿಲ್ಲದ ರಾತ್ರಿ ಮೈನಸ್ ಎರಡು ಎನ್ನುತ್ತದೆ,
ಕತ್ತಲೆಗಿಂತ ಎರಡು ಕಡಿಮೆ.
ತನ್ನ ಮೈಕಾವು ಆಕಾಶಕ್ಕೆ ಸೋರಿಹೋಗುವುದನ್ನು
ಬೆಳಕಿನ ಸಾಲವೆಂದು ಬರೆದುಕೊಳ್ಳುತ್ತದೆ ಪೆದ್ದು.
ದೂರದ ಗಣಕ ಅದನ್ನು ತಿದ್ದಿ ಸೊನ್ನೆ ಮಾಡುತ್ತದೆ; ಸರಿಯೇ,
ಇಲ್ಲದ ಬೆಳಕು ಇಲ್ಲದ್ದಕ್ಕಿಂತ ಕಡಿಮೆಯಿರಲು ಹೇಗೆ ಸಾಧ್ಯ?
ನನ್ನ ಪುಸ್ತಕದಲ್ಲಿ ಮಾತ್ರ ತಿದ್ದಿಲ್ಲ.
ಒಂಬತ್ತರ ಸಾಲಿನಲ್ಲಿ: ಮೈನಸ್ ಎರಡು. ಆವತ್ತೇ ನೋಡಬಾರದಿತ್ತೆ!
ಹನ್ನೆರಡರ ಸಾಲಿನಲ್ಲಿ: ಸೊನ್ನೆ.
ಯಾರೂ ಹಾಕಿದ ಸೊನ್ನೆಯಲ್ಲ. ಕಂಬಳಿಯೊಳಗಿಂದ ಅದೇ ಹೇಳಿದ್ದು.

ಹನ್ನೊಂದನೇ ಸಲ ಬರುವ ಹೊತ್ತಾಯಿತು. ನೋಡು, ಮತ್ತೆ ಹೊತ್ತು ಅಂದೆ.
ಬೂಟು ಒಲೆಯ ಹಿಂದೆ ಎಲ್ಲೋ ಇದೆ.